ಚಿಗಟೇರಿಗೆ ಒಯ್ದ ಎರಡು ಬ್ಯಾಟರಿ

ಹೋದ ತಿಂಗಳು ಹಿರೇಹಡಗಲಿಗೆ ನನ್ನ ಚಿಕ್ಕಮ್ಮನ ಮಗಳ ಮನೆಗೆ ಹೋಗಿದ್ದೆ. ಅವಳ ಕೂಸಿಗೆ ಹೆಸರಿಡುವ ದಿನ. ಪಡಸಾಲೆಯಲ್ಲಿ ಎಲೆ ಹಾಕಿ, ಗೋಧಿ ಹುಗ್ಗಿ ಬಡಿಸುವ ಹೊತ್ತಿಗೆ ಮಾಳಿಗೆ ಮೆಟ್ಟಿಲಿನ ಕೆಳಗಿನಿಂದ ಕೊಳೆತ ತತ್ತಿಯ ವಾಸನೆ ಬಂತು. ಹೆಂಗಸರು ಸೆರಗು ಮೂಗಿಗೆ ಹಿಡಿದರು. ತಂಗಿ "ಚರಂಡಿ ಕಟ್ಟೈತಿ ಕಾಣಸ್ತತಿ" ಎನ್ನುತ್ತ ಫಿನಾಯಿಲ್ ತರಲು ಎದ್ದಳು. ಅದು ಚರಂಡಿಯಲ್ಲವೆಂದು ನನಗೆ ಗೊತ್ತಿತ್ತು. ಮೆಟ್ಟಿಲ ಕೆಳಗೆ ಬಗ್ಗಿ ನೋಡಿದೆ. ಇನ್ವರ್ಟರಿನ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು, ಕೈ ಇಡಲಾಗದಷ್ಟು ಕಾದು ಕೂತಿತ್ತು. ಸ್ವಿಚ್ ತೆಗೆದು, ಕಿಟಕಿ ಬಾಗಿಲು ತೆರೆಸಿ, ಮಕ್ಕಳನ್ನು ಅಂಗಳಕ್ಕೆ ಕಳಿಸಿದೆ. ಎಲ್ಲರೂ ಆಮೇಲೆ ಉಂಡರು. ನನಗೆ ಅನ್ನ ಇಳಿಯಲಿಲ್ಲ.

ಸತ್ತ ಬ್ಯಾಟರಿಗೆ ಬಲವಂತವಾಗಿ ಕರೆಂಟ್ ತುಂಬಿಸುತ್ತಲೇ ಇದ್ದರೆ ಬರುವ ವಾಸನೆ ಅದು. ಆ ವಾಸನೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಕೊಟ್ಟೂರಿನ ಒಂದು ಸೋಲಾರ್ ಅಂಗಡಿ, ಅದರ ಹಿಂದಿನ ಗೋಡೌನು, ಮತ್ತು ಅಲ್ಲಿ ಕಳೆದ ಒಂದು ಬೇಸಿಗೆ. ಕೆಲವು ವರ್ಷ ಕಳೆದಿವೆ. ಸಿಟ್ಟು ಇಳಿದಿದೆ. ಹೇಸಿಗೆ ಮಾತ್ರ ಇಳಿದಿಲ್ಲ.

ಆಗ ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಹಗರಿಬೊಮ್ಮನಹಳ್ಳಿಯ ಮನೆಯಲ್ಲಿ ಕೂತಿದ್ದೆ. ನಮ್ಮ ಓಣಿಯಲ್ಲಿ ಡಿಪ್ಲೊಮಾ ಮಾಡಿದ ಹೆಣ್ಣುಮಗಳು ನಾನೊಬ್ಬಳೇ. ಅಪ್ಪ ಪುರಸಭೆಯಲ್ಲಿ ನೀರು ಬಿಡುವ ಕೆಲಸ ಮಾಡುತ್ತಿದ್ದ. ನಡುಮನೆಯ ಗೋಡೆಯ ಮೇಲಿನ ಬುದ್ಧನ ಪಟಕ್ಕೆ ದಿನಾ ಬೆಳಿಗ್ಗೆ ಕೈ ಮುಗಿದು, "ಸುಜಾತಾ, ಎಲ್ಲಾರ ಒಂದ್ ಕಡೆ ಹತ್ಕೋ. ಕಲ್ತದ್ದು ತುಕ್ಕು ಹಿಡೀಬಾರ್ದು" ಎನ್ನುತ್ತಿದ್ದ. ಕೊಟ್ಟೂರಿನಲ್ಲಿ ಮಹಾರುದ್ರಪ್ಪ ಎಂಬ ಸಾವುಕಾರರು ಹೊಸದಾಗಿ ಸೋಲಾರ್ ಶೋರೂಮ್ ತೆರೆದಿದ್ದಾರೆ, ಗಿರಾಕಿಗಳಿಗೆ ತಿಳಿಸಿ ಹೇಳುವವರು ಬೇಕಂತೆ ಎಂದು ಸುದ್ದಿ ಬಂತು. ಹೋದೆ. ಹಣೆಯ ತುಂಬ ವಿಭೂತಿ, ಬಿಳಿ ಅಂಗಿ, ತಣ್ಣನೆಯ ಮಾತು. "ಬಾರವ್ವ, ಕೂಡು" ಎಂದರು. ನನ್ನ ಹೆಸರು ಕೇಳಿದರು, ಊರು ಕೇಳಿದರು, ಆಮೇಲೆ ಓಣಿ ಕೇಳಿದರು. ಓಣಿ ಹೇಳಿದ ಮೇಲೆ ಚಹಾ ಕಾಗದದ ಲೋಟದಲ್ಲಿ ಬಂತು. ಅವರ ಕೈಯಲ್ಲಿ ಸ್ಟೀಲಿನದಿತ್ತು. ನೋಡಿಯೂ ನೋಡದವಳ ಹಾಗೆ ಕುಡಿದೆ. ಕೆಲಸ ಸಿಕ್ಕಿತು.

ಆ ಕೆಲಸ ನನಗೆ ಇಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ. ಶೋರೂಮಿನ ಗೋಡೆಗೆ ಎರಡು ಹಲಗೆ ನಿಲ್ಲಿಸಿದ್ದರು. ಒಂದರ ಮೇಲೆ ಆಫ್-ಗ್ರಿಡ್ ಇನ್ವರ್ಟರ್, ಇನ್ನೊಂದರ ಮೇಲೆ ಹೈಬ್ರಿಡ್. ಎರಡಕ್ಕೂ ಮಾಳಿಗೆಯ ಪ್ಯಾನೆಲಿನಿಂದ ತಂತಿ, ಕೆಳಗೆ ಬ್ಯಾಟರಿ, ಮೇಲೆ ಬಲ್ಬು, ಪಕ್ಕದಲ್ಲೊಂದು ಫ್ಯಾನು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಕಡೆಯಿಂದ ಗಿರಾಕಿಗಳು ಬರುತ್ತಿದ್ದರು. ಎಲ್ಲರದೂ ಒಂದೇ ಪ್ರಶ್ನೆ: "ಯಾವುದು ಚಲೋ ಅದನ್ನ ಹೇಳಿಬಿಡವ್ವ." ನಾನು ಹೇಳುತ್ತಿದ್ದುದು ಹೀಗೆ. ಆಫ್-ಗ್ರಿಡ್ ಅಂದರೆ ಹಿತ್ತಿಲಲ್ಲಿ ಸ್ವಂತ ಬಾವಿ ಇದ್ದ ಹಾಗೆ. ಬಿಸಿಲು ಬ್ಯಾಟರಿ ತುಂಬುತ್ತದೆ, ಬ್ಯಾಟರಿ ಮನೆ ನಡೆಸುತ್ತದೆ, ಊರಿನ ಲೈನಿನ ಹಂಗಿಲ್ಲ. ಲೈನೇ ಇಲ್ಲದ ಹೊಲದ ಮನೆಗೆ ಅದೇ ಸರಿ. ಆದರೆ ಬ್ಯಾಟರಿ ತುಂಬಿದ ಮೇಲೆ ಬರುವ ಬಿಸಿಲು ವ್ಯರ್ಥ, ಮೋಡ ಮುಸುಕಿ ಕೂತರೆ ಬಾವಿ ಬತ್ತಿದ ಹಾಗೆ. ಹೈಬ್ರಿಡ್ಡಿಗೆ ಬಾವಿಯೂ ಉಂಟು, ಊರ ನಳವೂ ಉಂಟು. ಬಿಸಿಲು, ಬ್ಯಾಟರಿ, ಲೈನು ಮೂರನ್ನೂ ಅದು ಕೂಡಿಸಿಕೊಂಡು ಹೋಗುತ್ತದೆ. ಹೆಚ್ಚಾದ ಕರೆಂಟನ್ನು ಲೈನಿಗೆ ಕಳಿಸಿ ಬಿಲ್ಲಿನಲ್ಲಿ ಅಷ್ಟು ಕಡಿಮೆ ಮಾಡಿಸಿಕೊಳ್ಳಬಹುದು. ಆದರೆ ಅದಕ್ಕೆ ಒಪ್ಪಿಗೆ ಬೇಕು, ಎರಡೂ ಕಡೆ ಓಡುವ ಮೀಟರ್ ಬೇಕು. ಅವೆರಡೂ ಇಲ್ಲದಿದ್ದರೆ ಆ ದೊಡ್ಡ ಪೆಟ್ಟಿಗೆ ಲೈನಿಗೆ ಒಂದು ಹನಿಯನ್ನೂ ಕಳಿಸುವುದಿಲ್ಲ. ಕೊನೆಗೆ ಗಿರಾಕಿಯ ಕೈಯಿಂದಲೇ ಲೈನಿನ ಸ್ವಿಚ್ ಆರಿಸುತ್ತಿದ್ದೆ. ಬಲ್ಬು ಆರುತ್ತಿರಲಿಲ್ಲ. ಮುಖಗಳು ಅರಳುವುದನ್ನು ನೋಡುವುದೇ ಒಂದು ಸುಖ.

ಸಾವುಕಾರರಿಗೆ ನನ್ನ ವಿವರಣೆ ಉದ್ದವಾಯಿತು. ಒಂದು ದಿನ ಪಕ್ಕಕ್ಕೆ ಕರೆದು, "ತಂಗಿ, ಇಷ್ಟ್ ಯಾಕ ಬಿಡಿಸಿ ಹೇಳ್ತಿ? ಹೈಬ್ರಿಡ್ ಅನ್ನು, ಸಾಕು. ಮಂದಿಗೆ ಹೆಸರು ದೊಡ್ಡದಿರ್ಬೇಕು" ಎಂದರು. ಆ ವಾರವೇ ಮಾರುವ ಪೆಟ್ಟಿಗೆಗಳ ಮೇಲೆ ಹೊಸ ಸ್ಟಿಕರುಗಳು ಕಂಡವು. ನಿನ್ನೆಯವರೆಗೆ ಆಫ್-ಗ್ರಿಡ್ ಆಗಿದ್ದ ಅದೇ ಪೆಟ್ಟಿಗೆ, ಇವತ್ತು ಬಂಗಾರದ ಅಕ್ಷರದ ಹೈಬ್ರಿಡ್. ಒಳಗೆ ಲೈನಿಗೆ ಕರೆಂಟ್ ಕಳಿಸುವ ಸಾಧನವೇ ಇಲ್ಲ. ನಾನು ಕೇಳಿದೆ. "ಕಂಪನಿಯವ್ರು ಹೆಸರು ಬದ್ಲಿ ಮಾಡ್ಯಾರವ್ವ" ಎಂದು ನಕ್ಕರು. ನಾನು ಆ ಪೆಟ್ಟಿಗೆ ತೋರಿಸಿ ಹೈಬ್ರಿಡ್ ಎಂದು ಹೇಳುವುದಿಲ್ಲ ಎಂದೆ. "ನೀ ಹೇಳ್ಬ್ಯಾಡ ಬಿಡು, ನಾ ಹೇಳ್ತೀನಿ" ಎಂದರು, ಅದೇ ತಣ್ಣನೆಯ ದನಿಯಲ್ಲಿ.

ಆಮೇಲೆ ಗೋಡೌನು. ತಂತಿಯ ಸುರುಳಿ ಹುಡುಕಿಕೊಂಡು ಒಂದು ಮಧ್ಯಾಹ್ನ ಹಿಂದಕ್ಕೆ ಹೋದೆ. ತಗಡಿನ ಮಾಡು, ಬಿಸಿಲಿಗೆ ಒಲೆಯಾಗಿತ್ತು. ಬಾಗಿಲು ತೆರೆದೊಡನೆ ಆ ವಾಸನೆ ಮುಖಕ್ಕೆ ಅಪ್ಪಳಿಸಿತು. ಸಾಲಾಗಿ ಹಳೆಯ ಬ್ಯಾಟರಿಗಳು. ಯಾವಯಾವುದೋ ಊರಿನ ಮನೆಗಳಿಂದ ಕಿತ್ತು ತಂದವು. ಕೆಲಸದವರಿಬ್ಬರು ಅವನ್ನು ಸೋಡಾ ನೀರಿನಲ್ಲಿ ಉಜ್ಜಿ ತೊಳೆದು, ಹೊಸ ಆಸಿಡ್ ತುಂಬಿ, ಚಾರ್ಜಿಗೆ ಹಾಕಿ, ಮೇಲೆ ಹೊಸ ಪ್ಲಾಸ್ಟಿಕ್ ಹೊದಿಕೆ ಎಳೆದು, ಬಿಸಿ ಗಾಳಿ ಹಿಡಿದು ಮೈಗೆ ಅಂಟಿಸುತ್ತಿದ್ದರು. ಹೊದಿಕೆಯ ಮೇಲೆ ಮಿಂಚುವ ಹಸಿರು ಎಲೆಯ ಚಿತ್ರ. ಕೆಲವು ಉಬ್ಬಿದ್ದವು, ಉಬ್ಬನ್ನು ಹೊದಿಕೆ ಮುಚ್ಚಿತ್ತು. ಹೆಣಕ್ಕೆ ಹೊಸ ಸೀರೆ ಉಡಿಸಿ ಮದುವೆಗೆ ಕಳಿಸುವ ಕೆಲಸ. ನಾನು ತಂತಿಯ ಸುರುಳಿ ಮರೆತು ಹೊರಗೆ ಬಂದೆ.

ಸಾವುಕಾರರನ್ನು ಕೇಳಿದಾಗ, "ಅವೆಲ್ಲಾ ಗುಜರಿಗೆ ಹೋಗೂವು. ನೀ ತಲಿ ಕೆಡಿಸ್ಕೋಬ್ಯಾಡ" ಎಂದರು. ಗುಜರಿಗೆ ಹೋಗುವುದಕ್ಕೆ ಹೊಸ ಹೊದಿಕೆ ಯಾಕೆ ಎಂದೆ. ಅವರು ಕ್ಯಾಲೆಂಡರ್ ನೋಡತೊಡಗಿದರು. ಅಪ್ಪನಿಗೆ ಹೇಳಿದೆ. "ಬಿಟ್ ಬಾ. ಹೊಲಸು ತುಳಿದ ಮ್ಯಾಲ ಕಾಲು ತೊಳಿಯೂದೇ" ಎಂದ. ಬಿಡುವುದೆಂದೇ ಇದ್ದೆ. ಅಷ್ಟರಲ್ಲಿ ನಾಗವೇಣಿ ಬಂದರು.

ನಾಗವೇಣಿ ಚಿಗಟೇರಿಯವರು. ಅಂಗನವಾಡಿ ಕಾರ್ಯಕರ್ತೆ. ಗಂಡ ಕೊಟ್ರೇಶ ಲಾರಿ ಓಡಿಸುತ್ತಿದ್ದವರು, ಟಿಬಿ ಬಂದು ವಾಸಿಯಾಯಿತು, ಆದರೆ ಹೋಗುವಾಗ ಎರಡೂ ಪುಪ್ಪುಸಗಳನ್ನು ತಿಂದುಹಾಕಿ ಹೋಗಿತ್ತು. ಮನೆಯಲ್ಲಿ ಆಕ್ಸಿಜನ್ ತಯಾರಿಸುವ ಮಶೀನು ಇಟ್ಟುಕೊಳ್ಳಿ ಎಂದು ದಾವಣಗೆರೆಯ ವೈದ್ಯರು ಹೇಳಿದ್ದರಂತೆ. ಆ ಮಶೀನಿಗೆ ಹಗಲೂ ರಾತ್ರಿ ಕರೆಂಟ್ ಬೇಕು. ಚಿಗಟೇರಿಯಲ್ಲಿ ಗಾಳಿ ಬೀಸಿದರೆ ಲೈನು ಹೋಗುತ್ತಿತ್ತು. ಅವರ ಜೊತೆ ಭಾವ ವೀರಭದ್ರಪ್ಪನೂ ಬಂದಿದ್ದ. ಕೊಟ್ರೇಶರ ಅಣ್ಣ, ಆ ಮನೆಯ ಯಜಮಾನ.

ನಾಗವೇಣಿ ಎರಡೂ ಹಲಗೆಗಳ ಮುಂದೆ ಬಹಳ ಹೊತ್ತು ನಿಂತರು. "ಮೋಡ ಆಗಿ, ಲೈನೂ ಹೋಗಿಬಿಟ್ರ ಏನವ್ವ?" ಎಂದು ಕೇಳಿದರು. ಬಂದ ಗಿರಾಕಿಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

"ಆಗ ಎರಡರ ಕತಿನೂ ಒಂದ ಅಕ್ಕಾರ. ಹೈಬ್ರಿಡ್ ಆಗ್ಲಿ, ಆಫ್-ಗ್ರಿಡ್ ಆಗ್ಲಿ, ಉಳಿಯೂದು ಬ್ಯಾಟರಿ ಮಾತ್ರ. ನಿಮಗ ಲೈನು ಐತಿ, ಅದರಿಂದನೂ ಬ್ಯಾಟರಿ ತುಂಬೂವಂಥಾದ್ದು ತಗೋರಿ. ಬಿಲ್ಲಿನ ಆಸೆಗೆ ಹೈಬ್ರಿಡ್ ಬ್ಯಾಡ. ಆ ರೊಕ್ಕಾನ ಚಲೋ ಬ್ಯಾಟರಿಗೆ ಹಾಕ್ರಿ. ಮನ್ಯಾಗ ಒಂದ್ ಸಣ್ಣ ಸಿಲಿಂಡರ್ ಸೈತ ಇಟ್ಕೋರಿ."

ಹಿಂದಿನಿಂದ ಸಾವುಕಾರರು ಬಂದರು. "ಈಕಿ ಇನ್ನೂ ಹುಡುಗಿ, ಬುಕ್ಕಿನ್ಯಾಗಿಂದು ಹೇಳ್ತಾಳ. ವೀರಭದ್ರಪ್ಪ, ನಿಮ್ಮನಿಗೆ ನಾ ಸುಮ್ಮ್ಸುಮ್ಮನ ಏನಾರ ಕೊಡ್ತೀನೇನು? ಹೈಬ್ರಿಡ್ ಒಯ್ಯಿರಿ. ಬ್ಯಾಟರಿ ಫಸ್ಟ್ ಕ್ಲಾಸ್." ಇಬ್ಬರಿಗೂ ದೂರದ ಬೀಗತನ. ಮಾತು ಅಲ್ಲಿಗೇ ಮುಗಿಯಿತು.

ನಾನು ಬಸ್ ಸ್ಟ್ಯಾಂಡಿನವರೆಗೂ ಅವರ ಹಿಂದೆ ಹೋದೆ. ಗೋಡೌನಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಪೆಟ್ಟಿಗೆ ಇಲ್ಲಿಯೇ ತಗೊಳ್ಳಿ, ಬ್ಯಾಟರಿ ಮಾತ್ರ ಹೊಸಪೇಟೆಯಲ್ಲೋ ದಾವಣಗೆರೆಯಲ್ಲೋ ಕೊಳ್ಳಿ ಎಂದೆ. ನಾಗವೇಣಿ ಭಾವನ ಮುಖ ನೋಡಿದರು. ವೀರಭದ್ರಪ್ಪ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ನೀ ಯಾರ ಪೈಕಿ?" ಎಂದ. ಹೇಳಿದೆ. "ಹೂಂ. ಉಂಡ ಮನಿ ಜಂತಿ ಎಣಿಸಬಾರ್ದವ್ವ" ಎಂದು ಮುಖ ತಿರುಗಿಸಿದ. ಆ ಮನೆಯಲ್ಲಿ ನಾನು ಉಂಡಿದ್ದು ಕಾಗದದ ಲೋಟದ ಚಹಾ.

ಕೆಲಸ ಬಿಡುವ ಮಾತನ್ನು ಮುಂದೂಡಿದೆ. ಆ ಮನೆಗೆ ಹೋಗುವ ಬ್ಯಾಟರಿಯನ್ನು ಕಣ್ಣಾರೆ ನೋಡಬೇಕಿತ್ತು. ಜೋಡಣೆಯ ದಿನ ಹೆಂಗಸರಿಗೆ ಬಳಕೆ ಕಲಿಸುವ ನೆವದಲ್ಲಿ ನಾನೂ ಚಿಗಟೇರಿಗೆ ಹೋದೆ. ಗಾಡಿಯಿಂದ ಇಳಿದವು ಅವೇ: ಹಸಿರು ಎಲೆಯ ಹೊಸ ಹೊದಿಕೆ. ಪ್ಯಾನೆಲ್ ಕೂಡಿಸಿ, ಪೆಟ್ಟಿಗೆ ಗೋಡೆಗೆ ಹಾಕಿ, ಮಶೀನು ಚಾಲೂ ಮಾಡಿದರು. ಬಿಸಿಲಿತ್ತು, ಲೈನಿತ್ತು, ಮಶೀನು ಗುರ್ ಎಂದಿತು. ಕೊಟ್ರೇಶ ಮೂಗಿಗೆ ನಳಿಗೆ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ವಯಸ್ಸಿನಲ್ಲಿ ನನಗಿಂತ ತುಂಬಾ ದೊಡ್ಡವರಲ್ಲ. ಹೆಗಲ ಮೂಳೆ ಅಂಗಿಯೊಳಗಿನಿಂದ ಎದ್ದು ಕಾಣುತ್ತಿತ್ತು. ಎಲ್ಲರೂ ಕೈ ಮುಗಿದರು.

ನಾನು ಲೈನಿನ ಸ್ವಿಚ್ಚನ್ನೂ ಪ್ಯಾನೆಲಿನ ಸ್ವಿಚ್ಚನ್ನೂ ಆರಿಸಿದೆ. ಮಶೀನು ಸ್ವಲ್ಪ ಹೊತ್ತು ಓಡಿತು. ಆಮೇಲೆ ಪೆಟ್ಟಿಗೆ ಕಿರುಚತೊಡಗಿತು, ಮಶೀನು ನಿಂತಿತು. ಸ್ವಿಚ್ಚುಗಳನ್ನು ತಕ್ಷಣ ಮತ್ತೆ ಹಾಕಿದೆ. "ನೋಡ್ರಿ. ಬ್ಯಾಟರಿ ಹಳೇವು. ಹೊದಿಕಿ ಅಷ್ಟ ಹೊಸಾದು" ಎಂದೆ.

ಜೋಡಿಸಲು ಬಂದ ಮೇಸ್ತ್ರಿ, "ಹೊಸಾ ಬ್ಯಾಟರಿ, ಇನ್ನೂ ಚಾರ್ಜ್ ಕುಡ್ದಿಲ್ಲ. ಎರಡ್ ದಿನ ಬಿಡ್ರಿ" ಎಂದ. ವೀರಭದ್ರಪ್ಪನಿಗೆ ಅಷ್ಟೇ ಬೇಕಾಗಿತ್ತು. "ಮಹಾರುದ್ರಪ್ಪ ನಮ್ಮೋನು. ಸುಳ್ ಹೇಳಾಂವಲ್ಲ. ಈಕಿ ಮಾತು ಕೇಳ್ಕಂಡು ನಾವು ನಮ್ಮೋರನ್ನ ಬಿಡಾಕ ಆಗ್ತದೇನು?" ಅಲ್ಲಿದ್ದವರು ತಲೆ ಆಡಿಸಿದರು. ನಾಗವೇಣಿ ನನ್ನ ನಂಬರ್ ಕೇಳಿ ಬರೆದುಕೊಂಡರು. ಅವು ಬದಲಾಗುವವರೆಗೆ ಇರಬೇಕೆಂದು ನಾನೂ ಅಂಗಡಿ ಬಿಡಲಿಲ್ಲ. ಆಮೇಲೆ ಬ್ಯಾಟರಿ ಬದಲಿಸಿ ಕೊಡಿ ಎಂದು ಅವರು ಅಂಗಡಿಗೆ ಮತ್ತೆಮತ್ತೆ ಫೋನ್ ಮಾಡಿದ್ದನ್ನು ನಾನೇ ಕೇಳಿದ್ದೇನೆ. ಸಾವುಕಾರರು ಪ್ರತಿಸಲವೂ "ಬರೂ ವಾರ ಆಗ್ಲಿ ತಾಯಿ" ಎನ್ನುತ್ತಿದ್ದರು. ಸಿಲಿಂಡರ್ ಮಾತ್ರ ನಾಗವೇಣಿ ಯಾರನ್ನೂ ಕೇಳದೆ ತರಿಸಿಟ್ಟುಕೊಂಡರು.

ಕೃತ್ತಿಕೆ ಮಳೆ ಆ ವರ್ಷ ಗಾಳಿಯನ್ನು ಹೊತ್ತುಕೊಂಡೇ ಬಂತು. ಮೊದಲ ದಿನ ಮಧ್ಯಾಹ್ನ ಆಕಾಶ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ, ಜಾಲಿಯ ಮುಳ್ಳು, ತಗಡು, ಪ್ಲಾಸ್ಟಿಕ್ ಚೀಲ ಎಲ್ಲ ಬೀದಿಯಲ್ಲಿ ಹಾರಾಡಿದವು. ಕಂಬಗಳು ಮುರಿದು ಬಿದ್ದವು. ಮರುದಿನವೂ ಮೋಡ ಕರಗಲಿಲ್ಲ. ಹಡಗಲಿಯಲ್ಲಿ ಯಾವುದೋ ಮದುವೆಯೆಂದು ಸಾವುಕಾರರೂ ಉಳಿದವರೂ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಊರಿಗೆ ಊರೇ ಕತ್ತಲಾಗಿದ್ದರೂ ನಮ್ಮ ಎರಡು ಹಲಗೆಗಳ ಬಲ್ಬುಗಳು ಉರಿಯುತ್ತಿದ್ದವು. ಗಿರಾಕಿಗೆ ತೋರಿಸುವುದಕ್ಕೆಂದು ಇಟ್ಟ ಬ್ಯಾಟರಿಗಳಲ್ಲವೆ, ಅವು ಅಸಲಿ.

ಇಳಿಹೊತ್ತಿಗೆ ನಾಗವೇಣಿಯ ಫೋನ್ ಬಂತು. "ಸುಜಾತಾ, ನಿನ್ನೆಯಿಂದ ಲೈನಿಲ್ಲ. ಡಬ್ಬಿ ಕೂಗಿ ಕೂಗಿ ಸುಮ್ಮನಾತು. ಸಿಲಿಂಡರ್ ಮುಗಿಯಾಕ ಬಂತು. ಹರಪನಹಳ್ಳಿಯಿಂದ ಆಂಬುಲೆನ್ಸ್ ಹೊಂಟೈತಂತ, ದಾರ್ಯಾಗ ಗಿಡ ಬಿದ್ದು ಅಲ್ಲೇ ನಿಂತೈತಂತ. ಇವ್ರ ತುಟಿ ನೀಲಿ ಆಗಾಕತ್ಯಾವ ತಂಗಿ." ಅವರು ಅಳುತ್ತಿರಲಿಲ್ಲ. ಒಂದೊಂದೇ ಮಾತನ್ನು ಎತ್ತಿ ಇಡುತ್ತಿದ್ದರು.

ಸಾವುಕಾರರಿಗೆ ಫೋನ್ ಮಾಡಿದೆ. ಹಿಂದೆ ಬ್ಯಾಂಡಿನ ಸದ್ದು. ವಿಷಯ ಹೇಳಿ, ಶೋರೂಮಿನ ಬ್ಯಾಟರಿ ಒಯ್ಯುತ್ತೇನೆ ಎಂದೆ. "ಶೋರೂಮಿನ ಮಾಲು ಮುಟ್ಟಬ್ಯಾಡ. ನಾಳಿ ಬಂದು ನೋಡೋಣಂತ" ಎಂದರು.

"ನಾಳಿಮಟ ಅವ್ರು ಇರಾಂಗಿಲ್ರಿ."

"ಎಲ್ಲಾ ಶಿವನ ಇಚ್ಛೆ ತಂಗಿ. ಮುಟ್ಟಬ್ಯಾಡ ಅಂದ್ರ ಮುಟ್ಟಬ್ಯಾಡ." ಬಾಯಲ್ಲಿ ಏನನ್ನೋ ಅಗಿಯುತ್ತಲೇ ಹೇಳಿದರು. ಆ ಅಗಿಯುವ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಅಂಗಡಿಯ ಮಾಲು ಸಾಗಿಸುವ ಗೂಡ್ಸ್ ಆಟೋದ ಖಾಜಾಸಾಬ್ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದ. ಕರೆದೆ. ನಾನು ಹಲಗೆಗಳ ಕೆಳಗಿನ ಎರಡು ಬ್ಯಾಟರಿಗಳ ತಂತಿ ಬಿಚ್ಚುತ್ತಿದ್ದುದನ್ನು ನೋಡಿ, "ಸಾವ್ಕಾರ್ರನ್ನ ಕೇಳೀಯೇನವ್ವ?" ಎಂದ.

"ಕೇಳೀನಿ. ಬ್ಯಾಡ ಅಂದ್ರು."

ಅವನು ಬೀಡಿ ಒಗೆದು, "ಆ ಕಡೆ ನೀ ಹಿಡಿ, ಈ ಕಡೆ ನಾ ಹಿಡಿತೀನಿ. ಸೊಂಟ ಜ್ವಾಕಿ" ಎಂದ. ಒಂದೊಂದೂ ಜೋಳದ ಚೀಲದಷ್ಟು ಭಾರ. ಬ್ಯಾಟರಿ ಉರುಳಿ ಆಸಿಡ್ ಚೆಲ್ಲದಂತೆ ನಾನು ಹಿಂದೆ ಅವುಗಳ ನಡುವೆ ಕೂತು ಕಾಲು ಒತ್ತಿ ಹಿಡಿದೆ. ಮೇಲೆ ಟಾರ್ಪಾಲು. ಆಸಿಡ್ಡು ಸ್ವಲ್ಪ ಸಿಡಿದು ಚೂಡಿದಾರದ ಅಂಚು ತೂತು ಬಿತ್ತು, ಕಾಲು ಉರಿಯಿತು. ಕೊಟ್ಟೂರ ಕಡೆಯ ದಾರಿಯಲ್ಲಿ ಗಿಡ ಬಿದ್ದಿರಲಿಲ್ಲ. ಹಳ್ಳ ತುಂಬಿ ಹರಿಯುತ್ತಿದ್ದ ಕಡೆ ಖಾಜಾಸಾಬ್ ಇಳಿದು, ನಡೆದು, ನೀರು ಮೊಳಕಾಲಿಗೂ ಬರುವುದಿಲ್ಲವೆಂದು ನೋಡಿ ಬಂದು ಆಟೋ ದಾಟಿಸಿದ.

ಮನೆಯ ಮುಂದೆ ಜನ ನಿಂತಿದ್ದರು. ಬಾಗಿಲಲ್ಲಿ ವೀರಭದ್ರಪ್ಪ. ನಾನೂ ಖಾಜಾಸಾಬನೂ ಬ್ಯಾಟರಿ ಹಿಡಿದು ಒಳಗೆ ನುಗ್ಗುವಾಗ ಅವನ ಬಾಯಿಯಿಂದ ಏನೋ ಮಾತು ಹೊರಡುವುದರಲ್ಲಿತ್ತು. ನಾಗವೇಣಿ ಒಳಗಿನಿಂದ, "ಭಾವಾರ, ದಾರಿ ಬಿಡ್ರಿ!" ಎಂದು ಕೂಗಿದರು. ಬಿಟ್ಟ. ಒಳಕೋಣೆಯಲ್ಲಿ ಅದೇ ಕೊಳೆತ ತತ್ತಿಯ ವಾಸನೆ. ಕೊಟ್ರೇಶ ಮೊಳಕಾಲಿನ ಮೇಲೆ ಕೈ ಊರಿ, ಬಾಯಿ ತೆರೆದು, ಹಿಡಿದ ಮೀನಿನ ಹಾಗೆ ಉಸಿರು ಹುಡುಕುತ್ತಿದ್ದರು. ಸಿಲಿಂಡರಿನ ಮುಳ್ಳು ತಳಕ್ಕೆ ಮುಟ್ಟಿತ್ತು. ತಂತಿ ಅದಲುಬದಲಾಗದಂತೆ ನೋಡಿ ನೋಡಿ ಬಿಗಿದೆ. ಪೆಟ್ಟಿಗೆಯ ದೀಪ ಹಸಿರಾಯಿತು. ಮಶೀನು ಗುರ್ ಎಂದಿತು. ನಾಗವೇಣಿ ನಳಿಗೆಯನ್ನು ಗಂಡನ ಮೂಗಿಗೆ ಹಾಕಿ, ಅವರ ಬೆನ್ನು ಸವರುತ್ತ ಕೂತರು. ಎಷ್ಟೋ ಹೊತ್ತಿನ ಮೇಲೆ ಅವರ ತುಟಿಗೆ ಬಣ್ಣ ಬಂತು. ಆಗ ನಾಗವೇಣಿ ಮೊದಲ ಸಲ ಅತ್ತರು. ಖಾಜಾಸಾಬ್ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ಆ ರಾತ್ರಿ ಅಲ್ಲೇ ಉಳಿದೆ. ಖಾಜಾಸಾಬ್ ಆಟೋದಲ್ಲೇ ಮಲಗಿದ. ಬೆಳಿಗ್ಗೆ ಎಚ್ಚರವಾದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು, ಮಶೀನು ನಡೆದೇ ಇತ್ತು. ಕಣ್ಣು ಉಜ್ಜಿಕೊಂಡು ನೋಡಿದರೆ ವೀರಭದ್ರಪ್ಪನ ಹೆಂಡತಿ ಚೊಂಬು ಹಿಡಿದು ಏನೋ ಚಿಮುಕಿಸುತ್ತಿದ್ದಳು. ಅಂಗಳಕ್ಕೆ ಸಗಣಿ ನೀರು ಚಿಮುಕಿಸಿ ಚಳಿ ಹೊಡೆಯುವುದು ದಿನದ ರೂಢಿ, ಅದು ನನಗೂ ಗೊತ್ತು. ಅವಳು ಅಂಗಳಕ್ಕೆ ಹೊಡೆಯುತ್ತಿರಲಿಲ್ಲ. ಹೊಸ್ತಿಲಿನಿಂದ ಒಳಕೋಣೆಯವರೆಗೆ, ನಾನೂ ಖಾಜಾಸಾಬನೂ ನಡೆದ ದಾರಿಗೆ ಮಾತ್ರ, ಗೋಮೂತ್ರ ಚಿಮುಕಿಸುತ್ತಿದ್ದಳು. ಬ್ಯಾಟರಿಯ ಬಳಿ ಬಂದಾಗ ಅನುಮಾನಿಸಿ, ಸುತ್ತು ಹಾಕಿ ಹೋದಳು. ಅದನ್ನು ತೊಳೆಯುವ ಧೈರ್ಯ ಅವಳಿಗಿರಲಿಲ್ಲ.

ನಮ್ಮ ಜನರನ್ನು ನೋಡಿ ಹೇಸುವವರನ್ನು ನಾನು ಹುಟ್ಟಿದಾಗಿನಿಂದ ಕಂಡಿದ್ದೇನೆ. ಆ ಬೆಳಿಗ್ಗೆ ಮೊದಲ ಸಲ ಅವರ ಹೇಸಿಗೆಗಿಂತ ನನ್ನ ಹೇಸಿಗೆ ದೊಡ್ಡದಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಬೇರೆ ಮಾತು. ಹೊತ್ತು ಏರುವಾಗ ಸಾವುಕಾರರ ಕಾರು ಬಂತು. ನನ್ನ ಮೇಲೆ ಕಳವಿನ ದೂರು ತರುತ್ತಾರೆಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರು ಕೈಯಲ್ಲಿ ಪೇಡೆಯ ಡಬ್ಬಿ ಹಿಡಿದು, ಜೊತೆಗೆ ಫೋಟೋ ತೆಗೆಯುವವನನ್ನು ಕರೆದುಕೊಂಡು ಬಂದಿದ್ದರು. ಓಣಿಯವರೆಲ್ಲ ಸೇರಿದರು. "ಗಾಳಿ ಮಳಿ ಏನ ಇರ್ಲಿ, ನಮ್ಮ ಅಂಗಡಿ ಗಿರಾಕಿ ಕೈ ಬಿಡಾಂಗಿಲ್ಲ. ಸುದ್ದಿ ತಿಳದ ಕೂಡ್ಲೆ ಶೋರೂಮಿನ ಬ್ಯಾಟರಿ ಬಿಚ್ಚಿ ಕಳಿಸೀನಿ" ಎಂದು ಕಟ್ಟೆಯ ಮೇಲೆ ನಿಂತು ಹೇಳಿದರು. ನನ್ನ ಕಡೆ ತಿರುಗಿ, "ನಮ್ಮ ಹುಡುಗಿನೂ ಭಾಳ ಚುರುಕು" ಎಂದರು. ವೀರಭದ್ರಪ್ಪ ಒಳಗಿನಿಂದ ಶಾಲು ತಂದು ಅವರಿಗೆ ಹೊದಿಸಿದ. ಜನ ಚಪ್ಪಾಳೆ ತಟ್ಟಿದರು. ನಿನ್ನೆ ಸಂಜೆ ಇದೇ ಜನ ಇದೇ ಅಂಗಳದಲ್ಲಿ ಕೊಟ್ರೇಶ ಸಾಯುವುದನ್ನು ಕಾಯುತ್ತ ನಿಂತಿದ್ದರು.

"ಸುಳ್ಳು. ಬ್ಯಾಟರಿ ಮುಟ್ಟಬ್ಯಾಡ ಅಂದ್ರು ಇವ್ರು" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡವರು ನೆಲ ನೋಡಿದರು. ಖಾಜಾಸಾಬ್ "ಹೌದ್ರಿ, ಸಾವ್ಕಾರ್ರು ಬ್ಯಾಡ ಅಂದ್ರು ಅಂತ ಆಕಿ ಆಗ ಹೇಳಿದ್ದು ಖರೆ" ಎಂದ. ಅವನ ಮಾತಿಗೂ ಅದೇ ಗತಿ.

ಆಗ ನಾಗವೇಣಿ ಹೊರಗೆ ಬಂದರು. ಹಿಂದಿನ ದಿನ ಬಿಚ್ಚಿಟ್ಟ ಎರಡು ಸತ್ತ ಬ್ಯಾಟರಿಗಳು ಕಟ್ಟೆಯ ಬದಿಗಿದ್ದವು. ಅವರು ಕುಡುಗೋಲು ತಂದು, ಒಂದರ ಹಸಿರು ಹೊದಿಕೆಯನ್ನು ಮೇಲಿನಿಂದ ಕೆಳಗೆ ಸೀಳಿ ಎಳೆದರು. ಒಳಗೆ ಬೇರೆ ಕಂಪನಿಯ ಹಳೆಯ ಹೆಸರು, ಕೆರೆದು ಹಾಕಿದ ತಾರೀಕು, ಉಬ್ಬಿ ಬಿರುಕು ಬಿಟ್ಟ ಮೈ. ಬಿರುಕಿನಿಂದ ಕಪ್ಪು ನೀರು ಜಿನುಗಿ ಕಟ್ಟೆಯ ಮೇಲೆ ಇಳಿಯಿತು. ವಾಸನೆಗೆ ಜನ ಹಿಂದೆ ಸರಿದರು.

"ಇದು ನೀವು ಕೊಟ್ಟ ಫಸ್ಟ್ ಕ್ಲಾಸು" ಎಂದರು ನಾಗವೇಣಿ.

ಸಾವುಕಾರರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಅಯ್ಯೋ ಶಿವನೇ. ಗೋಡೌನಿನ ಹುಡುಗ್ರು ಅದ್ಲಾಬದ್ಲಿ ಮಾಡಿಬಿಟ್ಟಾರ. ನಾಳಿನೇ ಬದ್ಲಿ ಕೊಟ್ಟು, ಶೋರೂಮಿನವು ಒಯ್ತೀವಿ ತಾಯಿ." ವೀರಭದ್ರಪ್ಪ ತಕ್ಷಣ, "ಆತಲ್ಲ, ತಪ್ಪು ಒಪ್ಕೊಂಡ್ರು. ಮನಿ ಮರ್ಯಾದಿ ಬೀದಿಗೆ ತರಬ್ಯಾಡ, ಒಳಗ ನಡಿ" ಎಂದು ತಮ್ಮನ ಹೆಂಡತಿಯನ್ನು ಗದರಿದ. ಓಣಿಗೆ ನಿರಾಳವಾಯಿತು. ಪೇಡೆಯ ಡಬ್ಬಿ ಕೈಯಿಂದ ಕೈಗೆ ಹೋಯಿತು. ಸತ್ತ ಬ್ಯಾಟರಿಯ ಪಕ್ಕದಲ್ಲೇ ನಿಂತು ಜನ ಪೇಡೆ ತಿಂದರು. ಬೆರಳು ನೆಕ್ಕಿದರು.

ಮಂಚದಿಂದ ಬಾಗಿಲವರೆಗೆ ಕೊಟ್ರೇಶ ಗೋಡೆ ಹಿಡಿದು ನಡೆದು ಬಂದದ್ದನ್ನು ಯಾರೂ ನೋಡಿರಲಿಲ್ಲ. ಮೂಗಿನ ನಳಿಗೆ ಎಷ್ಟು ಉದ್ದವಿತ್ತೋ ಅಷ್ಟು ದೂರ ಬಂದು, ಅದು ಬಿಗಿಯಾಗಿ ಎಳೆದಾಗ ಹೊಸ್ತಿಲ ಒಳಗೇ ನಿಂತರು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು.

"ಅಣ್ಣಾ... ಅವ್ರ ಶಾಲು... ತೆಗಿ. ಅವ್ರನ್ನ... ಹೊರಗ ಹಾಕು. ಈ ಬ್ಯಾಟರಿ... ಎಲ್ಲಿಗೂ ಹೋಗಾಂಗಿಲ್ಲ."

ಯಾರ ಬಾಯೂ ಅಗಿಯಲಿಲ್ಲ. ಸಾವುಕಾರರು ತಾವೇ ಶಾಲು ತೆಗೆದು ಕಟ್ಟೆಯ ಮೇಲಿಟ್ಟು, ಎಲ್ಲರಿಗೂ ಕೈ ಮುಗಿದು ಕಾರು ಹತ್ತಿದರು. ಹತ್ತುವ ಮುಂಚೆ ನನಗೆ, "ಬಾ ತಂಗಿ, ಮುಂದಿನ ಸೀಟಿನ್ಯಾಗ ಕೂಡು" ಎಂದರು. ಮೊದಲ ಸಲದ ಆಮಂತ್ರಣ. ನಾನು ಖಾಜಾಸಾಬನ ಆಟೋದಲ್ಲಿ ಕೊಟ್ಟೂರಿಗೆ ಬಂದು, ಅಲ್ಲಿಂದ ಬಸ್ ಹಿಡಿದು ಊರಿಗೆ ಹೋದೆ. ಆ ಅಂಗಡಿಯ ಮೆಟ್ಟಿಲು ಮತ್ತೆ ಹತ್ತಲಿಲ್ಲ.

ಅವರು ದೂರು ಕೊಡಲಿಲ್ಲ, ನಿಜ. ಆ ಫೋಟೋ ಮಾತ್ರ ಊರೂರಿನ ಮೊಬೈಲ್ ಗುಂಪುಗಳಲ್ಲಿ ಓಡಾಡಿತು: ಶಾಲು ಹೊದ್ದ ಸಾವುಕಾರರು, ಕೆಳಗೆ ಗಾಳಿ ಮಳೆಯಲ್ಲೂ ಸೇವೆ ಎಂಬ ಬರಹ. ವ್ಯಾಪಾರ ಹೆಚ್ಚಿತು. ನಾನು ಅಂಗಡಿಯ ಮಾಲು ಕದ್ದವಳೆಂಬ ಮಾತು ಬಾಯಿಂದ ಬಾಯಿಗೆ ಹೋಗಿ, ಕೊಟ್ಟೂರಿನಲ್ಲೂ ಹರಪನಹಳ್ಳಿಯಲ್ಲೂ ಯಾರೂ ಕೆಲಸ ಕೊಡಲಿಲ್ಲ. ಖಾಜಾಸಾಬನಿಗೆ ಅವರ ಬಾಡಿಗೆ ನಿಂತಿತು. ಅವನು ಈರುಳ್ಳಿ ಸಾಗಿಸಿಕೊಂಡು ಬದುಕಿದ. ನಾನು ಕೂಡ್ಲಿಗಿಯ ಒಂದು ಆಸ್ಪತ್ರೆಯಲ್ಲಿ ಜನರೇಟರು, ಇನ್ವರ್ಟರು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ, ಈಗಲೂ ಅಲ್ಲೇ ಇದ್ದೇನೆ. ಹೈಬ್ರಿಡ್ ಒಳ್ಳೆಯದೋ ಆಫ್-ಗ್ರಿಡ್ ಒಳ್ಳೆಯದೋ ಎಂದು ಜನ ಇನ್ನೂ ಕೇಳುತ್ತಾರೆ. ಲೈನು ಇದ್ದು, ಮೀಟರಿಗೆ ಒಪ್ಪಿಗೆ ಸಿಗುವುದಾದರೆ ಹೈಬ್ರಿಡ್. ಲೈನು ದೂರವಿದ್ದರೆ, ಬಿಸಿಲನ್ನೇ ನಂಬುವುದಾದರೆ ಆಫ್-ಗ್ರಿಡ್ ಎಂದು ಸರಿಯಾದ ಉತ್ತರವನ್ನೇ ಹೇಳುತ್ತೇನೆ. ಮಾರುವವನ ಬಗ್ಗೆ ಅವರು ಕೇಳುವುದಿಲ್ಲ.

ಕೊಟ್ರೇಶ ಮುಂದಿನ ವರ್ಷದ ಸುಗ್ಗಿಯವರೆಗೆ ಇದ್ದರು. ಆ ಎರಡು ಬ್ಯಾಟರಿಗಳು ಕೊನೆಯವರೆಗೂ ಅವರ ಮಂಚದ ಬಳಿಯೇ ಇದ್ದವು. ಒಳಗಿನಿಂದ ಮುಗಿಸಿದ್ದು ರೋಗ, ಕರೆಂಟಿನ ಕೊರತೆಯಲ್ಲ. ಸುದ್ದಿ ತಿಳಿದು ನಾನು ಚಿಗಟೇರಿಗೆ ಹೋದೆ. ನಾಗವೇಣಿ ನನ್ನ ಕೈ ಹಿಡಿದು ಹೆಂಗಸರ ನಡುವೆ ತಮ್ಮ ಪಕ್ಕಕ್ಕೆ ಕೂರಿಸಿಕೊಂಡರು. ವೀರಭದ್ರಪ್ಪನ ಹೆಂಡತಿ ಸ್ವಲ್ಪ ಸರಿದು ಕೂತಳು.

ಹೆಣ ಎತ್ತುವ ಮುಂಚೆ ಮಹಾರುದ್ರಪ್ಪ ಬಂದರು. ದೊಡ್ಡ ಹೂವಿನ ಹಾರ. ಹೆಣದ ಕೊರಳಿಗೆ ಹಾಕಿ, ಕಣ್ಣು ಒರೆಸಿಕೊಂಡು, ನಮ್ಮ ಮುಂದೆ ಬಂದು ನಿಂತರು. "ಮನಿ ಮಗ ಇದ್ದಂಗ ಇದ್ದ ತಾಯಿ. ನನ್ನ ಕೈಲಾದ್ದು ಮಾಡಿದೆ" ಎಂದು ನಾಗವೇಣಿಗೆ ಕೈ ಮುಗಿದರು.

ನಾಗವೇಣಿ ಅವರ ಮುಖವನ್ನೊಮ್ಮೆ ನೋಡಿದರು. ಆಮೇಲೆ ನೆಲಕ್ಕೆ ಕೈ ಊರಿ ಎದ್ದು, ಹೆಂಗಸರನ್ನು ದಾಟಿಕೊಂಡು ಅಂಗಳದ ಮೂಲೆಗೆ ಹೋಗಿ, ಎಲ್ಲರಿಗೂ ಕೇಳಿಸುವ ಹಾಗೆ ಉಗುಳಿ, ಬಾಯಿ ಒರೆಸಿಕೊಂಡು ಬಂದು ಗಂಡನ ಹೆಣದ ಪಕ್ಕ ಮತ್ತೆ ಕೂತರು.